ಡೈನೋಸಾರ್ ಶೋಗೆ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೀರಾ? ಮೊದಲು ಇಷ್ಟು ಮಾಡಿ

ಮನೇಲಿ ಡೈನೋಸಾರ್ ಹುಚ್ಚು ಹತ್ತಿರೋ ಮಗು ಇದ್ರೆ ಪ್ಯಾಕಿಸೆಫಲೋಸಾರಸ್ ಅಂತ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತೆ, ಯಾವುದು ಸೊಪ್ಪು ತಿನ್ನೋದು ಯಾವುದು ಮಾಂಸ ತಿನ್ನೋದು ಅಂತ ನಿಮಗೇ ಪಾಠ ಮಾಡುತ್ತೆ. ಅದೇ ಮಗು 40 ಅಡಿ ಉದ್ದದ ಟಿ-ರೆಕ್ಸ್ ಕತ್ತಲಲ್ಲಿ ತಲೆ ತಿರುಗಿಸಿ ಗರ್ಜಿಸಿದ ಕೂಡ್ಲೇ ನಿಮ್ಮ ಕಾಲು ತಬ್ಕೊಂಡು ಮನೆಗೆ ಹೋಗೋಣ ಅಂತ ಅಳೋಕೆ ಶುರು ಮಾಡೋದೂ ಮಾಮೂಲಿ. ಎಲ್ಲಾ ಗೊತ್ತಿರೋ ಮಕ್ಕಳು ಹೆದರಲ್ಲ ಅಂದ್ಕೋಬೇಡಿ, ನನ್ನ ಕೇಳಿದ್ರೆ ಅವ್ರೇ ಜಾಸ್ತಿ ಹೆದರೋದು, ಯಾಕಂದ್ರೆ ಆ ಪ್ರಾಣಿ ಏನು ಮಾಡಬಲ್ಲದು ಅಂತ ಅವ್ರಿಗೆ ಚೆನ್ನಾಗಿ ಗೊತ್ತು. ಟಿಕೆಟ್ ತಗೊಂಡು ಒಳಗೆ ಹೋಗಿ ಐದೇ ನಿಮಿಷಕ್ಕೆ ಹೊರಗೆ ಬರಬಾರದು ಅಂದ್ರೆ ಸ್ವಲ್ಪ ತಯಾರಿ ಬೇಕು.

ಹಂತ 1: ಒಳಗೆ ಏನಿದೆ ಅಂತ ತಿಳ್ಕೊಳ್ಳಿ

ಪೋಸ್ಟರ್ ಎಲ್ಲಾ ಒಂದೇ ಥರ ಇರುತ್ತೆ, ಒಳಗೆ ಮಾತ್ರ ಬೇರೆ ಬೇರೆ. ಕೆಲವು ಕಡೆ ಅನಿಮೆಟ್ರಾನಿಕ್ಸ್, ಅಂದ್ರೆ ಮೋಟಾರ್‌ನಿಂದ ಅಲ್ಲಾಡೋ ದೊಡ್ಡ ಬೊಂಬೆಗಳು. ಕೆಲವು ಕಡೆ ಗೋಡೆ ನೆಲ ಎಲ್ಲಾ ಪ್ರೊಜೆಕ್ಟರ್ ಚಿತ್ರ, ನೀವು ಮಧ್ಯದಲ್ಲಿ ನಿಂತಿರ್ತೀರಿ, ಸುತ್ತ ಹಿಂಡು ಓಡುತ್ತೆ. ಕಣ್ಣಿಗೆ ಕಟ್ಕೊಂಡು ಚಿತ್ರದ ಒಳಗೇ ಇದ್ದ ಹಾಗೆ ನೋಡೋ ವಿಆರ್ ಹೆಡ್‌ಸೆಟ್ ಇರೋ ಕಡೆ ಸಾಮಾನ್ಯವಾಗಿ ವಯಸ್ಸಿನ ಮಿತಿ ಇರುತ್ತೆ, ಅಲ್ಲಿಗೆ ಹೋಗಿ ಚಿಕ್ಕವನಿಗೆ ಇಲ್ಲ ಅನ್ನೋ ಬದಲು ಮುಂಚೇನೇ ಕೇಳಿ. ಇನ್ನೊಂದು ಥರ ಮನುಷ್ಯರೇ ರಾಪ್ಟರ್ (ಎರಡು ಕಾಲಲ್ಲಿ ಓಡೋ, ಮಾಂಸ ತಿನ್ನೋ ಡೈನೋಸಾರ್) ವೇಷ ಹಾಕ್ಕೊಂಡು ಜನರ ಮಧ್ಯೆ ಓಡಾಡೋದು, ಚಿಕ್ಕ ಮಕ್ಕಳು ಜಾಸ್ತಿ ಬೆದರೋದು ಇದಕ್ಕೇ ಅನ್ಸುತ್ತೆ, ಬೊಂಬೆ ನಿಂತಲ್ಲೇ ಇರುತ್ತೆ, ಇದು ಅಟ್ಟಿಸ್ಕೊಂಡು ಬರುತ್ತೆ.

ಫೋನ್ ಮಾಡಿ ಕೇಳಬೇಕಾದ್ದು ಇನ್ನೆರಡಿದೆ. ಪಟಪಟ ಅಂತ ಮಿಂಚೋ ಲೈಟ್ ಇದೆಯಾ, ಹೊಗೆ ಬಿಡ್ತಾರಾ. ಫಿಟ್ಸ್ ಬರೋ ಮಕ್ಕಳಿಗೆ ಮೊದಲನೇದು, ಉಬ್ಬಸ ಇರೋರಿಗೆ ಎರಡನೇದು ತೊಂದರೆ ಮಾಡಬಹುದು, ಡಾಕ್ಟರ್ ಹತ್ರ ಒಂದು ಮಾತು ಕೇಳ್ಕೊಂಡೇ ಹೋಗಿ.

ಹಂತ 2: ಮನೇಲೇ ಗುಟ್ಟು ಹೇಳ್ಬಿಡಿ

ಸರ್ಪ್ರೈಸ್ ಕೊಡೋಣ ಅನ್ನೋ ಆಸೆ ಬಿಡಿ. ಶೋದ ವಿಡಿಯೋ ಸಿಕ್ರೆ ಮೊದಲು ಸೌಂಡ್ ಇಲ್ದೆ ತೋರಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಸೌಂಡ್ ಜಾಸ್ತಿ ಮಾಡಿ. ಆಮೇಲೆ ಬೊಂಬೆ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿ: ಒಳಗೆ ಸ್ಟೀಲ್ ಅಸ್ಥಿಪಂಜರ, ಮೋಟಾರ್‌ಗಳು, ಮೇಲೆ ಫೋಮ್, ಅದರ ಮೇಲೆ ಸಿಲಿಕೋನ್ ಚರ್ಮ. ಯಾರಾದ್ರೂ ಹತ್ರ ಬಂದ್ರೆ ಸೆನ್ಸರ್‌ಗೆ ಗೊತ್ತಾಗುತ್ತೆ, ಆಗ ಅಲ್ಲಾಡೋಕೆ ಶುರು. ಕಣ್ಣು, ಬಾಯಿ, ಕತ್ತು, ಬಾಲ ಇಷ್ಟು ಆಡುತ್ತೆ, ಉಸಿರಾಡಿದ ಹಾಗೆ ಹೊಟ್ಟೆನೂ ಉಬ್ಬುತ್ತೆ, ಆದ್ರೆ ಹೆಚ್ಚಿನವುಗಳ ಕಾಲು ನೆಲಕ್ಕೇ ಭದ್ರ ಮಾಡಿರ್ತಾರೆ, ನಡೆಯೋಕೆ ಬರಲ್ಲ. ಈ ಕಾಲಿನ ವಿಷಯ ತಪ್ಪದೆ ಹೇಳಿ, ಮಕ್ಕಳಿಗೆ ಅಷ್ಟು ಧೈರ್ಯ ಕೊಡೋದು ಇನ್ನೊಂದಿಲ್ಲ.

ಮಜಾ ಹೋಗಲ್ವಾ ಅಂತೀರಾ? ಮೂರು ನಾಲ್ಕು ವರ್ಷದ ಮಕ್ಕಳಿಗೆ ಬೊಂಬೆ ಅಂತ ಗೊತ್ತಿದ್ರೂ ಎದುರಿಗೆ ನಿಂತಾಗ ಅದು ಮರೆತು ಹೋಗುತ್ತೆ, ಆದ್ರಿಂದ ಮಜಾ ಎಲ್ಲೂ ಹೋಗಲ್ಲ.

ಹಂತ 3: ಟೈಮ್ ಮತ್ತು ಬ್ಯಾಗ್

ರಜಾ ದಿನ ಸಂಜೆ ಬೇಡವೇ ಬೇಡ. ವಾರದ ಮಧ್ಯೆ, ಬೆಳಿಗ್ಗೆ ಮೊದಲ ಸ್ಲಾಟ್ ಸಿಕ್ರೆ ಅದೇ ತಗೊಳ್ಳಿ, ನಿದ್ದೆ ಟೈಮಿಗೆ ಅಂತೂ ಹೋಗ್ಲೇಬೇಡಿ. ಸೌಂಡ್ ಕಮ್ಮಿ, ಲೈಟ್ ಜಾಸ್ತಿ ಇಟ್ಟು ಮಕ್ಕಳಿಗೋಸ್ಕರ ನಡೆಸೋ ಶಾಂತ ಶೋಗಳು ಕೆಲವು ಕಡೆ ಇರುತ್ತೆ, ಕೇಳಿ ನೋಡಿ. ಬ್ಯಾಗಲ್ಲಿ ನೀರು, ಒಂದು ಸ್ವೆಟರ್, ಮತ್ತೆ ಕಿವಿ ಮುಚ್ಚೋ ಇಯರ್ ಮಫ್. ಅಳೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಡೈನೋಸಾರ್ ಅಂದ್ರೆ ಭಯ ಇರಲ್ಲ, ಸೌಂಡ್ ಅಂದ್ರೆ ಭಯ, ಆ ಬೇಸ್ ಸ್ಪೀಕರ್ ಎದೆಗೇ ಗುದ್ದೋ ಥರ ಇರುತ್ತೆ. ಮಫ್ ಹಾಕಿದ ಮೇಲೆ ಅದೇ ಮಗು ಮುಂದಕ್ಕೆ ಹೋಗಿ ನಿಲ್ಲೋದನ್ನ ನೋಡಬಹುದು.

ಹಂತ 4: ಒಳಗೆ ಹೋದ ಮೇಲೆ

ಮಧ್ಯದಲ್ಲಿ ಹೊರಗೆ ಹೋಗೋ ಬಾಗಿಲು ಎಲ್ಲಿದೆ, ಹೊರಗೆ ಹೋದ್ರೆ ವಾಪಸ್ ಬಿಡ್ತಾರಾ ಅಂತ ಸ್ಟಾಫ್ ಹತ್ರ ಮಗುವಿನ ಎದುರಿಗೇ ಕೇಳಿ. ಬೇಡ ಅನಿಸಿದ್ರೆ ಹೋಗಬಹುದು ಅಂತ ಗೊತ್ತಿದ್ರೆ ಅದು ನಿರಾಳ ಆಗುತ್ತೆ.

ಎಷ್ಟು ದೂರದಲ್ಲಿ ನಿಲ್ಲಬೇಕು ಅನ್ನೋದನ್ನ ಮಗುಗೇ ಬಿಡಿ. ದಯವಿಟ್ಟು ಎತ್ಕೊಂಡು ಹೋಗಿ ಟಿ-ರೆಕ್ಸ್ ಬಾಯಿ ಹತ್ರ ಹಿಡಿದು ಫೋಟೋ ತೆಗೀಬೇಡಿ, ಆ ಫೋಟೋ ನಿಮಗೆ ಬೇಕಿರೋದು, ಮಗುಗಲ್ಲ. ಹೆದರಿದ್ರೆ "ಅಯ್ಯೋ ಇದಕ್ಕೆಲ್ಲಾ ಹೆದರ್ತಾರಾ" ಅನ್ನೋದೂ ಬೇಡ. ಹತ್ತು ಹೆಜ್ಜೆ ಹಿಂದೆ ಬಂದು ಒಂದು ಕೆಲಸ ಕೊಡಿ: ಸ್ಪೀಕರ್ ಎಲ್ಲಿ ಬಚ್ಚಿಟ್ಟಿದ್ದಾರೆ ಹುಡುಕು, ವೇಷ ಹಾಕಿರೋ ರಾಪ್ಟರ್ ಹೊಟ್ಟೆ ಕೆಳಗೆ ಮನುಷ್ಯನ ಕಾಲು ಕಾಣುತ್ತಾ ನೋಡು. ಹುಡುಕೋಕೆ ಶುರು ಮಾಡಿದ ಮಗು ಅಳು ಮರೆತು ಇನ್ಸ್‌ಪೆಕ್ಟರ್ ಆಗಿಬಿಡುತ್ತೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೂ ಗಟ್ಟಿ ಕೆಲಸ ಕೊಡಬಹುದು, ಬೊಂಬೆ ಮಾಡಿದವರ ತಪ್ಪು ಹಿಡಿಯೋದು. ಸಾಮಾನ್ಯವಾಗಿ ಸಿಗೋ ತಪ್ಪುಗಳು ಇವು. ವೆಲಾಸಿರಾಪ್ಟರ್‌ನ ಮನುಷ್ಯನಷ್ಟು ಎತ್ತರ ಮಾಡಿ ಬೋಳು ಚರ್ಮ ಹಾಕಿರ್ತಾರೆ, ನಿಜವಾದದ್ದು ಸುಮಾರು ಟರ್ಕಿ ಕೋಳಿ ಗಾತ್ರ, ಮೈಮೇಲೆ ಗರಿ ಬೇರೆ, ಅದರ ಮುಂಗೈ ಮೂಳೆ ಮೇಲೆ ಗರಿ ಅಂಟಿಕೊಳ್ಳೋ ಉಬ್ಬುಗಳಿರೋದನ್ನ ವಿಜ್ಞಾನಿಗಳು 2007ರಲ್ಲೇ ತೋರಿಸಿದ್ದಾರೆ. ಟಿ-ರೆಕ್ಸ್ ಮತ್ತೆ ಸ್ಟೆಗೊಸಾರಸ್ ಕಿತ್ತಾಡ್ತಿದ್ರೆ ಅದೂ ಸುಳ್ಳು. ಸ್ಟೆಗೊಸಾರಸ್ ಇದ್ದಿದ್ದು ಸುಮಾರು 15 ಕೋಟಿ ವರ್ಷ ಹಿಂದೆ, ಟಿ-ರೆಕ್ಸ್ ಅಳಿದಿದ್ದು 6.6 ಕೋಟಿ ವರ್ಷ ಹಿಂದೆ, ಲೆಕ್ಕ ಹಾಕಿದ್ರೆ ಟಿ-ರೆಕ್ಸ್‌ಗೆ ಸ್ಟೆಗೊಸಾರಸ್‌ಗಿಂತ ನಾವೇ ಹತ್ರ! ಮೇಲೆ ಹಾರೋ ಟೆರನೊಡಾನ್, ನೀರಲ್ಲಿರೋ ಮೊಸಾಸಾರಸ್ ಎರಡೂ ಡೈನೋಸಾರ್ ಅಲ್ವೇ ಅಲ್ಲ. ಇನ್ನು ಆ ಗರ್ಜನೆ, ಅದು ಹೀಗೇ ಇತ್ತು ಅಂತ ಯಾರಿಗೂ ಗೊತ್ತಿಲ್ಲ, ಮೊಸಳೆ ಥರ ಬಾಯಿ ಮುಚ್ಕೊಂಡೇ ಗುಡುಗುಡು ಅಂತಿದ್ದಿರಬಹುದು ಅಂತ ಕೆಲವು ವಿಜ್ಞಾನಿಗಳ ಅಭಿಪ್ರಾಯ.

ತಪ್ಪು ಇದೆ ಅಂತ ದುಡ್ಡು ದಂಡ ಅಂದ್ಕೋಬೇಡಿ, ಈ ಕಸುಬು ಶುರುವಾಗಿದ್ದೇ ತಪ್ಪಿನಿಂದ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅನ್ನೋ ಶಿಲ್ಪಿ ಮಾಡಿದ ಇಗ್ವಾನೊಡಾನ್ ಅನ್ನೋ ಡೈನೋಸಾರ್ ಬೊಂಬೆಗೆ ಹೆಬ್ಬೆರಳಿನ ಮುಳ್ಳನ್ನ ತಗೊಂಡು ಹೋಗಿ ಮೂಗಿನ ಮೇಲೆ ಕೊಂಬು ಅಂತ ಇಟ್ಟಿದ್ರು, ಅದು ಇವತ್ತಿಗೂ ಹಾಗೇ ನಿಂತಿದೆ. ಈ ಕಥೆ ಸರದಿ ಸಾಲಲ್ಲಿ ಕಾಯುವಾಗ ಹೇಳಿ, ಮಕ್ಕಳು ಬಿದ್ದು ಬಿದ್ದು ನಗ್ತಾರೆ.

ಹಂತ 5: ಹೊರಗೆ ಬರೋವಾಗ

ಆಟಿಕೆ ಅಂಗಡಿ ದಾಟದೆ ಹೊರಗೆ ಬರೋ ಹಾಗೇ ಇರಲ್ಲ, ಹೆಚ್ಚು ಕಡೆ ದಾರಿನೇ ಹಾಗೆ ಮಾಡಿರ್ತಾರೆ. ಒಂದೇ ಸಾಮಾನು, ಇಷ್ಟೇ ದುಡ್ಡು ಅಂತ ಮನೇಲೇ ಮಾತಾಡ್ಕೊಂಡು ಬಂದಿದ್ರೆ ಗಲಾಟೆ ಕಮ್ಮಿ. ಪ್ಲಾಸ್ಟಿಕ್ ಡೈನೋಸಾರ್ ಪ್ಯಾಕೆಟ್ ತಗೊಂಡ್ರೆ ಬೆನ್ನ ಮೇಲೆ ಬೀಸಣಿಗೆ ಥರ ಇರೋ ಡೈಮೆಟ್ರೊಡಾನ್ ಇದೆಯಾ ಅಂತ ನೋಡಿ, ಅದು ಮೊದಲ ಡೈನೋಸಾರ್ ಹುಟ್ಟೋಕೆ ಕೋಟಿಗಟ್ಟಲೆ ವರ್ಷ ಮುಂಚೆನೇ ಇಲ್ಲವಾಗಿತ್ತು, ಆದ್ರೂ ಪ್ಯಾಕೆಟ್ ಒಳಗೆ ಹೇಗೋ ಸೇರ್ಕೊಂಡಿರುತ್ತೆ. ಇಷ್ಟು ಹೊತ್ತಿಗೆ ನಿಮ್ಮ ಇನ್ಸ್‌ಪೆಕ್ಟರ್ ಅದನ್ನ ಹಿಡಿದು ಅಂಗಡಿಯವರ ಹತ್ರ ವಾದ ಮಾಡ್ತಿದ್ರೆ ಸ್ವಲ್ಪ ಪಕ್ಕಕ್ಕೆ ಸರ್ಕೊಂಡು ನಿಲ್ಲಿ, ಹಿಂದೆ ಬರೋರಿಗೆ ದಾರಿ ಬೇಕಲ್ಲ.