ಪ್ರಾಜೆಕ್ಟ್ ವರದಿ ಮುಂದಕ್ಕೆ ಹೋಗ್ತಾನೇ ಇದೆಯಾ? ಶುರು ಮಾಡುವುದು ಹೀಗೆ

ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದುವವರಿಗೆ ಕೊನೆಯ ಸೆಮಿಸ್ಟರ್ ಎಂದರೆ ಪ್ರಾಜೆಕ್ಟ್ ವರದಿ ಅಥವಾ ಕಿರುಪ್ರಬಂಧ. ವಿಷಯ ಸಿಕ್ಕಿರುತ್ತದೆ, ಗೈಡ್ ಒಪ್ಪಿರುತ್ತಾರೆ, ಸರ್ವೆಯೂ ಮುಗಿದಿರುತ್ತದೆ. ಬರೆಯುವುದು ಮಾತ್ರ ನಾಳೆಗೆ, ನಾಡಿದ್ದಿಗೆ ಹೋಗುತ್ತಲೇ ಇರುತ್ತದೆ. ಕೊಡಬೇಕಾದ ದಿನದ ಹಿಂದಿನ ಸಂಜೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ ಹೇಗಿರುತ್ತದೆ ಅಂತ ಓದಿದವರಿಗೆಲ್ಲ ಗೊತ್ತು. ಬೈಂಡಿಂಗ್‌ಗೆ ಸಾಲು. ಒಬ್ಬರು ಅಲ್ಲೇ ನಿಂತು ಪರಿವಿಡಿಯ ಪುಟಸಂಖ್ಯೆ ತಿದ್ದುತ್ತಿರುತ್ತಾರೆ. ಇನ್ನೊಬ್ಬರು ಪೆನ್‌ಡ್ರೈವ್ ಹಾಕಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರುವುದಿಲ್ಲ, ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಈ ಮಕ್ಕಳನ್ನು ಸೋಮಾರಿಗಳು ಅನ್ನುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ವರದಿ ಬರೆಯಬೇಕಾದ ವಾರದಲ್ಲೇ ಇವರು ರೂಮು ಗುಡಿಸುತ್ತಾರೆ, ಗೆಳೆಯನ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತಾರೆ, ಬೀಳ್ಕೊಡುಗೆ ಸಮಾರಂಭಕ್ಕೆ ಓಡಾಡುತ್ತಾರೆ. ಅದೊಂದು ಕೆಲಸ ಬಿಟ್ಟು ಬೇರೆಲ್ಲ ಮಾಡುತ್ತಾರೆ.

ಯಾಕೆ ಹೀಗೆ? ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯ್ ಮತ್ತು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ತಿಮತಿ ಪಿಚಿಲ್ 2013ರ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನಾವು ಕೆಲಸಕ್ಕಿಂತ ಹೆಚ್ಚಾಗಿ ಆ ಕೆಲಸ ಹುಟ್ಟಿಸುವ ಕಸಿವಿಸಿಯಿಂದ ತಪ್ಪಿಸಿಕೊಳ್ಳುತ್ತೇವೆ. ಫೈಲ್ ತೆರೆದ ಕೂಡಲೇ "ಗೈಡ್ ಏನಂತಾರೋ", "ನನಗೆ ಸರಿಯಾಗಿ ಬರೆಯೋಕೆ ಬರಲ್ಲ" ಅನ್ನಿಸುತ್ತದೆ. ಫೈಲ್ ಮುಚ್ಚಿದರೆ ಆ ಕ್ಷಣವೇ ಹಗುರ. ಆ ಹಗುರತನದ ರುಚಿ ಮನಸ್ಸಿಗೆ ಹತ್ತುತ್ತದೆ. ನಾಳೆ ಇನ್ನೂ ಬೇಗ ಮುಚ್ಚುತ್ತೇವೆ.

"ಒತ್ತಡ ಇದ್ದರೇ ನನಗೆ ಬರೆಯೋಕೆ ಆಗೋದು" ಅನ್ನುವವರು ಜಾಸ್ತಿ. ಮನಶ್ಶಾಸ್ತ್ರಜ್ಞರಾದ ಡಯಾನ್ ಟೈಸ್ ಮತ್ತು ರಾಯ್ ಬೌಮಿಸ್ಟರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ಸೆಮಿಸ್ಟರಿನ ಆರಂಭದಲ್ಲಿ ಮುಂದೂಡುವವರೇ ಆರಾಮಾಗಿದ್ದರು. ಕೊನೆಗೆ ಬರುವಾಗ ಒತ್ತಡವೂ ಕಾಯಿಲೆಯೂ ಅವರಿಗೇ ಹೆಚ್ಚಾಯಿತು, ಅಂಕವೂ ಕಡಿಮೆ ಬಂತು. ನನ್ನ ಪ್ರಕಾರ ಅಂಕಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಗೈಡ್ ಓದಿ, ಗುರುತು ಹಾಕಿ, ನಾವು ತಿದ್ದಿ ಬರೆಯುವಾಗಲೇ ವರದಿಗೆ ಒಂದು ರೂಪ ಬರುವುದು. ತಡವಾದರೆ ಮೊದಲ ಕರಡೇ ಗಟ್ಟಿ ರಟ್ಟಿನ ಬೈಂಡಿಂಗ್‌ನೊಳಗೆ ಸೇರಿಬಿಡುತ್ತದೆ. ಇಷ್ಟು ದಿನ ನೆಮ್ಮದಿಯ ವಿಶ್ರಾಂತಿಯಾದರೂ ಸಿಕ್ಕಿತಾ? ಅದೂ ಇಲ್ಲ. ಸಿನಿಮಾ ನೋಡುವಾಗಲೂ ವರದಿಯೇ ತಲೆಯಲ್ಲಿ.

ಹೆಜ್ಜೆ 1: ತಡೆಯುತ್ತಿರುವುದು ಏನು?

ಒಂದು ಚೀಟಿ ತೆಗೆದುಕೊಂಡು ಒಂದೇ ಸಾಲು ಬರೆಯಿರಿ: "ನನಗೆ ಇದು ಬೇಡ ಅನ್ನಿಸುತ್ತಿರುವುದು ಯಾಕೆಂದರೆ..." ಸಾಮಾನ್ಯವಾಗಿ ಮೂರರಲ್ಲಿ ಒಂದು ಬರುತ್ತದೆ. ಹೇಗೆ ಮಾಡಬೇಕೋ ಗೊತ್ತಿಲ್ಲ, ಬೇಜಾರು, ಇಲ್ಲವೇ ಭಯ. ಗೊತ್ತಿಲ್ಲದಿದ್ದರೆ ವಿಭಾಗದಲ್ಲಿರುವ ಹಿಂದಿನ ವರ್ಷದ ವರದಿಗಳಲ್ಲಿ ಎರಡನ್ನು ತಿರುವಿ ಹಾಕಿ. ಕೋಷ್ಟಕ, ಗ್ರಂಥಸೂಚಿಯಂಥ ಬೇಜಾರಿನ ಕೆಲಸಕ್ಕೆ ಗೆಳೆಯರ ಜೊತೆ ಒಂದೇ ಮೇಜಿನಲ್ಲಿ ಕೂರಿ. ಅವರ ಕೆಲಸ ಅವರಿಗೆ, ನಿಮ್ಮದು ನಿಮಗೆ. ಭಯವಾದರೆ ಮೊದಲ ಕರಡನ್ನು ಯಾರಿಗೂ ತೋರಿಸುವುದಿಲ್ಲ ಅಂತ ನಿರ್ಧರಿಸಿ, ಹೇಗೆ ಬರುತ್ತದೋ ಹಾಗೆ ಬರೆಯಿರಿ. ಫೈಲಿನ ಹೆಸರನ್ನೇ "ಕಚ್ಚಾ" ಅಂತ ಇಡಿ.

ಹೆಜ್ಜೆ 2: ಕೆಲಸವನ್ನು ಚಿಕ್ಕದು ಮಾಡಿ

ಇದೇ ಮುಖ್ಯವಾದದ್ದು. "ನಾಲ್ಕನೇ ಅಧ್ಯಾಯ ಬರೆಯಬೇಕು" ಅಂದುಕೊಂಡರೆ ಕೈ ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ. ನಿಮ್ಮ ವಿಷಯ ಸ್ವಸಹಾಯ ಸಂಘದ ಮಹಿಳೆಯರ ಉಳಿತಾಯ ಅಂದುಕೊಳ್ಳಿ. ಪ್ರಶ್ನಾವಳಿಯಲ್ಲಿ "ಸಂಘದಿಂದ ಸಾಲ ಪಡೆದದ್ದು ಯಾವುದಕ್ಕೆ?" ಅನ್ನುವ ಪ್ರಶ್ನೆ ಇದೆ, ಉತ್ತರಗಳ ಕೋಷ್ಟಕವೂ ಸಿದ್ಧವಿದೆ. ಇವತ್ತಿನ ಕೆಲಸ ಆ ಕೋಷ್ಟಕದ ಕೆಳಗಿನ ಜಾಗ ಮಾತ್ರ. ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆಚ್ಚು ಜನ ಹೇಳಿದ್ದೇನು? ನಾನು ಅಂದುಕೊಂಡಿದ್ದು ಅದೇನಾ? ಅಲ್ಲದಿದ್ದರೆ ಯಾಕಿರಬಹುದು? ಹೈನುಗಾರಿಕೆಗೆ ಅಂತ ನೀವು ಊಹಿಸಿದ್ದಿರಿ, ಅವರು ಮಕ್ಕಳ ಶಾಲಾ ಫೀಸಿಗೆ ಅಂದಿದ್ದಾರೆ. ಆ ಹೆಂಗಸರು ಮಾತಾಡುವಾಗ ಹೇಳಿದ ಕಾರಣ ನಿಮಗೆ ನೆನಪಿರುತ್ತದೆ. ಅದನ್ನೇ ಬರೆಯಿರಿ. ಒಂದು ಪ್ಯಾರಾ ಆಯಿತು ಅಲ್ವಾ? ನಾಳೆ ಮುಂದಿನ ಕೋಷ್ಟಕ.

ಪೀಠಿಕೆಯಿಂದ ಶುರು ಮಾಡಲೇಬೇಡಿ. ಅದು ಎಲ್ಲಕ್ಕಿಂತ ಕಷ್ಟದ್ದು, ಕೊನೆಗೆ ಬರೆದರೆ ಸಲೀಸು. ಅಧ್ಯಯನದ ವಿಧಾನ ಎಲ್ಲಕ್ಕಿಂತ ಸುಲಭ. ಯಾವ ಊರಿಗೆ ಹೋದಿರಿ, ಎಷ್ಟು ಜನರನ್ನು ಕೇಳಿದಿರಿ, ಅವರನ್ನು ಹೇಗೆ ಆರಿಸಿದಿರಿ ಎಂಬ ನೀವೇ ಮಾಡಿದ ಕೆಲಸದ ವಿವರ ಅದು.

ಹೆಜ್ಜೆ 3: ಹೊತ್ತು, ಜಾಗ ಮೊದಲೇ ಗೊತ್ತು ಮಾಡಿ

"ಸಮಯ ಸಿಕ್ಕಾಗ ಬರೀತೀನಿ" ಅಂದರೆ ಸಮಯ ಸಿಗುವುದಿಲ್ಲ. "ತಿಂಡಿ ತಿಂದ ಕೂಡಲೇ ಲೈಬ್ರರಿಗೆ ಹೋಗಿ ಕಿಟಕಿ ಪಕ್ಕ ಕೂತು ಆ ಕೋಷ್ಟಕ ತೆಗೆಯುತ್ತೇನೆ" ಅನ್ನಿ. ಹೀಗೆ ಇಂಥದ್ದು ಆದ ಮೇಲೆ ಇಂಥದ್ದು ಅಂತ ಮೊದಲೇ ಕಟ್ಟಿಕೊಂಡರೆ ಕೆಲಸ ಆಗುವ ಸಂಭವ ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. 25 ನಿಮಿಷ ಬರೆದು 5 ನಿಮಿಷ ಎದ್ದು ಓಡಾಡುವ ಪೊಮೊಡೊರೊ ಪದ್ಧತಿ ಹಲವರಿಗೆ ಒಗ್ಗುತ್ತದೆ. ಫೋನ್ ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು, ಬೇರೆ ಕೋಣೆಯಲ್ಲಿರಲಿ.

ಹೆಜ್ಜೆ 4: ದಿನಗಳನ್ನು ಹಿಂದಿನಿಂದ ಎಣಿಸಿ

ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಸಂಶೋಧಕರು ಕೇಳಿದರು. ಸರಾಸರಿ 33.9 ದಿನ ಅಂದರು. ಹಿಡಿದದ್ದು 55.5 ದಿನ. 1994ರಲ್ಲಿ ಪ್ರಕಟವಾದ ಈ ಲೆಕ್ಕ ಇಂದಿಗೂ ಪಾಠ ಹೇಳುತ್ತದೆ. ನಿಮ್ಮ ಅಂದಾಜಿಗೆ ಕನಿಷ್ಠ ಅರ್ಧದಷ್ಟಾದರೂ ಸೇರಿಸಿ. ವರದಿ ಕೊಡಬೇಕಾದ ದಿನದಿಂದ ಬೈಂಡಿಂಗ್‌ಗೆ ಎರಡು ದಿನ, ತಿದ್ದಲು ಒಂದು ವಾರ, ಗೈಡ್ ಓದಲು ಒಂದು ವಾರ ಕಳೆಯಿರಿ. ಉಳಿಯುವ ತಾರೀಖೇ ನಿಮ್ಮ ನಿಜವಾದ ಕೊನೆಯ ದಿನ. ಅದನ್ನು ಗೈಡ್‌ಗೂ ಹೇಳಿಬಿಡಿ.

ಹೆಜ್ಜೆ 5: ತಪ್ಪಿದ ದಿನಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ

"ನಾಳೆ ಅಂದವನ ಮನೆ ಹಾಳು" ಅಂತ ಕೇಳಿಯೇ ಬೆಳೆದಿದ್ದೇವೆ. ಆದರೆ ಬೈಗುಳ ಕಸಿವಿಸಿಯನ್ನು ಹೆಚ್ಚಿಸುತ್ತದೆ, ಕಸಿವಿಸಿ ಹೆಚ್ಚಾದರೆ ತಪ್ಪಿಸಿಕೊಳ್ಳುವುದೂ ಹೆಚ್ಚು. ಕಾರ್ಲ್‌ಟನ್‌ನಲ್ಲೇ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಮನೆಯವರೂ ಗೈಡ್‌ಗಳೂ ಇದನ್ನು ಗಮನಿಸಬೇಕು.

ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವ ಹಾಗಿದ್ದರೆ ಸಮಸ್ಯೆ ವರದಿಯದ್ದಷ್ಟೇ ಇರಲಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಗೈಡ್‌ಗೆ ಮುಖ ತೋರಿಸದೆ ಓಡಾಡುತ್ತಿರುವವರಿಗೆ. ಕಾರಿಡಾರಿನಲ್ಲಿ ಕಂಡರೆ ದಾರಿ ಬದಲಿಸುತ್ತೀರಿ, ಫೋನ್ ಎತ್ತುವುದಿಲ್ಲ. ಪೂರ್ತಿ ಮುಗಿಸಿಯೇ ಹೋಗೋಣ ಅಂತ ಕಾಯಬೇಡಿ. ಇವತ್ತೇ ಇಷ್ಟು ಮೆಸೇಜ್ ಹಾಕಿ: "ಮೇಡಂ, ಇಷ್ಟು ದಿನ ಬಂದು ಕಾಣಲಿಲ್ಲ, ಕ್ಷಮಿಸಿ. ವಿಧಾನದ ಅಧ್ಯಾಯ ಅರ್ಧ ಆಗಿದೆ. ಗುರುವಾರ ತಂದು ತೋರಿಸಲಾ?" ಅರ್ಧ ಅಧ್ಯಾಯ ಕೈಯಲ್ಲಿದ್ದರೆ ಗೈಡ್‌ಗೆ ತಿದ್ದಲು ಏನಾದರೂ ಇರುತ್ತದೆ. ಕೊನೆಯ ದಿನ ಪೂರ್ತಿ ವರದಿ ತಂದಿಟ್ಟರೆ ಅವರು ಸಹಿ ಹಾಕಬಹುದು, ಅಷ್ಟೇ.