ನೊಣಕ್ಕೆ ಮುಪ್ಪು ಬರಿಸಿ ಮರೆವು ಅಳೆಯುವುದು: ನನ್ನ ಅನುಭವ

ಮರೆಗುಳಿತನದ ಸಂಶೋಧನೆ ಅಂದ್ರೆ ಇಲಿಯೇ ಎಲ್ಲರ ನೆನಪಿಗೆ ಬರುತ್ತದೆ. ನಾನು ಕೆಲಸ ಮಾಡುವುದು ಹಣ್ಣುನೊಣದ ಮೇಲೆ. ಇಲಿ ಮುದಿಯಾಗಲು ಒಂದೂವರೆ, ಎರಡು ವರ್ಷ ಬೇಕು. ನೊಣಕ್ಕೆ 25 ಡಿಗ್ರಿಯಲ್ಲಿ ಎರಡು ತಿಂಗಳು ಸಾಕು.

ಅದರ ಫುಡ್ ನಾವೇ ಬೇಯಿಸುತ್ತೇವೆ. ಮೈಸೂರಿನ ಲ್ಯಾಬುಗಳಲ್ಲಿ ರೂಢಿಯಲ್ಲಿರುವ ಅಳತೆ ಇದು: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಗಟ್ಟಿಯಾಗಲು 10 ಗ್ರಾಂ ಅಗಾರ್. ಬೂಸ್ಟು ಹಿಡಿಯದಿರಲಿ ಅಂತ ಪ್ರೊಪಿಯೋನಿಕ್ ಆಸಿಡ್. ವಯಸ್ಸಾದ ನೊಣ ಒದ್ದೆ ಫುಡ್‌ಗೆ ಅಂಟಿಕೊಂಡು ಸಾಯುತ್ತದೆ. ಅದು ರೋಗದ ಸಾವಲ್ಲ, ಲೆಕ್ಕ ಮಾತ್ರ ಕೆಡುತ್ತದೆ. ಅದಕ್ಕೇ ನೊಣ ಸಾಕುವ ಚಿಕ್ಕ ಸೀಸೆಯ, ಅಂದ್ರೆ ವಯಲ್‌ನ ಒಳಗೋಡೆ ಚೆನ್ನಾಗಿ ಆರಿದ ಮೇಲೆಯೇ ನೊಣ ಬಿಡುತ್ತೇನೆ. ಎರಡು ಮೂರು ದಿನಕ್ಕೊಮ್ಮೆ ಹೊಸ ವಯಲ್.

ಮುಪ್ಪಿನ ಮರೆಗುಳಿತನದ ಕಾಯಿಲೆಯಾದ ಅಲ್ಝೈಮರ್ ನೊಣಕ್ಕೆ ತಾನಾಗಿ ಬರುವುದಿಲ್ಲ. ಆ ಕಾಯಿಲೆಯವರ ಮಿದುಳಲ್ಲಿ ಗಂಟುಗಟ್ಟುವ ಪ್ರೋಟೀನ್ ತುಣುಕನ್ನು, ಅಂದ್ರೆ ಮನುಷ್ಯರ ಅಮೈಲಾಯ್ಡ್ ಬೀಟಾ-42 ಅನ್ನು, ತಯಾರಿಸುವ ಜೀನ್ ಇರುವ ತಳಿಯನ್ನು, ಅದನ್ನು ನರಕೋಶಗಳಲ್ಲಿ ಚಾಲೂ ಮಾಡುವ ಗ್ಯಾಲ್-4 ಎಂಬ ಪ್ರೋಟೀನ್ ಇರುವ ತಳಿಯೊಂದಿಗೆ ಕ್ರಾಸ್ ಮಾಡುತ್ತೇವೆ. ಆದರೆ ಹಾಗೆ ಬಿಟ್ಟರೆ ಮರಿಹುಳು ಇರುವಾಗಲೇ ಅಮೈಲಾಯ್ಡ್ ತಯಾರಾಗಲು ಶುರುವಾಗಿಬಿಡುತ್ತದೆ. ಆಮೇಲೆ ಕಾಣುವ ತೊಂದರೆ ಮುಪ್ಪಿನದಾ, ಮಿದುಳು ಸರಿಯಾಗಿ ಬೆಳೆಯದ್ದರದ್ದಾ? ಹೇಳಲಾಗದು. ಹಾಗಾಗಿ ಬಿಸಿಗೆ ಕೆಲಸ ನಿಲ್ಲಿಸುವ ಗ್ಯಾಲ್-80 ಎಂಬ ಇನ್ನೊಂದು ಪ್ರೋಟೀನನ್ನೂ ಸೇರಿಸುತ್ತೇನೆ. 18 ಡಿಗ್ರಿಯಲ್ಲಿ ಅದು ಗ್ಯಾಲ್-4 ಅನ್ನು ತಡೆದಿರುತ್ತದೆ. ನೊಣ ತನ್ನ ಪೊರೆಗೂಡಿನಿಂದ (ಪ್ಯೂಪಾ) ಹೊರಬಂದ ಮೇಲೆ 29ಕ್ಕೆ ಹಾಕಿದರೆ ತಡೆ ಹೋಗುತ್ತದೆ. 29ರಲ್ಲಿ ಆಯಸ್ಸೂ ಕಡಿಮೆಯಾಗುತ್ತದೆ ಅಲ್ವಾ, ಹಾಗಾಗಿ ಹೋಲಿಕೆಗೆ ಇಟ್ಟ ಕಂಟ್ರೋಲ್ ನೊಣಗಳೂ ಅದೇ ದಿನ ಅದೇ ಇನ್‌ಕ್ಯುಬೇಟರ್‌ಗೆ ಹೋಗಬೇಕು. ಈ ಮಾತಲ್ಲಿ ನಾನು ಬಹಳ ಹಟಮಾರಿ.

ಸುಲಭದ ಪರೀಕ್ಷೆ ಏರುವಿಕೆ. ವಯಲ್ ತಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಎಳೆಯವು ಸರ್ರನೆ ಮೇಲೇರುತ್ತವೆ. ಮುದಿಯವು ಅರ್ಧಕ್ಕೆ ನಿಂತು, ಜಾರಿ, ಮತ್ತೆ ಹತ್ತುತ್ತವೆ. ಅಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ನನಗದು ಒಪ್ಪಿಗೆಯಿಲ್ಲ. ಕಾಲು, ಸ್ನಾಯು ಸೋತರೂ ಹೀಗೇ ಆಗುತ್ತದೆ. ಮರೆವು ತಿಳಿಯಬೇಕಾದರೆ ನೆನಪನ್ನೇ ಕೇಳಬೇಕು.

ಅದಕ್ಕೆ ಗಂಡುನೊಣವನ್ನು ಆಗಲೇ ಕೂಡಿದ ಹೆಣ್ಣಿನ ಜೊತೆ ಒಂದು ಗಂಟೆ ಬಿಡುತ್ತೇನೆ. ಅವಳು ಒದ್ದು ದೂರ ಮಾಡುತ್ತಾಳೆ. ಆಮೇಲೆ ಬೇರೆ ಹೆಣ್ಣು ಕೊಟ್ಟರೂ, ನೆನಪಿರುವ ಗಂಡು ಸ್ವಲ್ಪ ಹೊತ್ತು ಹಿಂಜರಿಯುತ್ತದೆ. ಮರೆತದ್ದು ತಕ್ಷಣ ಒಂದು ರೆಕ್ಕೆ ಚಾಚಿ, ಅದುರಿಸುತ್ತಾ ಬೆನ್ನು ಹತ್ತುತ್ತದೆ. ಕಲಿಸದ ಗಂಡುಗಳನ್ನೂ ಪಕ್ಕದಲ್ಲೇ ನೋಡುತ್ತೇನೆ. ಅವು ಎಂದಿನಂತೆ ಬೆನ್ನು ಹತ್ತದಿದ್ದರೆ ಕಲಿಸಿದವುಗಳ ಹಿಂಜರಿಕೆಗೆ ಅರ್ಥವಿಲ್ಲ. ನನ್ನ ಊಹೆ ಎಣಿಕೆಗೆ ತಾಗದಿರಲಿ ಅಂತ, ಎಣಿಸುವ ಮುಂಚೆ ವಯಲ್‌ಗಳ ಮೇಲಿನ ತಳಿಯ ಹೆಸರು ಮುಚ್ಚಿ, ಬರೀ ಅಂಕಿ ಹಾಕಿಕೊಡಲು ಜೊತೆಯವರಿಗೆ ಹೇಳುತ್ತೇನೆ.