ನದಾಫ್ ಅನ್ನೋ ಅಡ್ಡಹೆಸರಿನ ಬೇರು ಹುಡುಕಿದ್ದು

ನಮ್ಮ ಅಡ್ಡಹೆಸರು ನದಾಫ್. ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆಯವರಿಗೆ ಇದು ಹೊಸದಲ್ಲ. ಊರಲ್ಲಿ ನಮ್ಮನ್ನು ಪಿಂಜಾರರು ಅಂತಲೇ ಕರೆಯುತ್ತಾರೆ. ಅರಳೆ ಹಿಂಜೋದು, ಗಾದಿ ಹೊಲಿಯೋದು ನಮ್ಮ ಹಿರಿಯರ ಕಸುಬು. ಆದರೂ ಹೆಸರಿನ ಅರ್ಥ ಕೇಳಿದರೆ ಮನೆಯಲ್ಲೇ ಒಬ್ಬೊಬ್ಬರದು ಒಂದೊಂದು ಉತ್ತರ. ಇರಾಕಿನ ನಜಫ್ ಪಟ್ಟಣದಿಂದ ಬಂದವರು ನಾವು, ಅದಕ್ಕೇ ಈ ಹೆಸರು ಅಂತ ಚಿಕ್ಕಪ್ಪ. ಅಲ್ಲಲ್ಲ, ‘ನಜೀಫ್’ ಅಂದರೆ ಶುಚಿಯಾದವರು, ಅದೇ ಹೀಗಾಗಿದೆ ಅಂತ ಇನ್ನೊಬ್ಬರು.

ಕನ್ನಡ, ಇಂಗ್ಲಿಷ್ ಬರಹ ನೋಡಿಕೊಂಡು ಕೂತರೆ ಈ ವಾದ ಮುಗಿಯೋದೇ ಇಲ್ಲ. ಮಸೀದಿಯ ಹಜರತ್ ಹತ್ತಿರ ಹೋಗಿ ಹೆಸರನ್ನು ಉರ್ದುವಿನಲ್ಲಿ ಬರೆಸಿಕೊಂಡೆ. ನೂನ್, ದಾಲ್, ಅಲಿಫ್, ಫೇ. ನಜಫ್‌ನಲ್ಲಿರೋದು ಜೀಮ್, ನಜೀಫ್‌ನಲ್ಲಿರೋದು ಜೋಯ್. ದಾಲ್ ಎರಡರಲ್ಲೂ ಇಲ್ಲ. ಚಿಕ್ಕಪ್ಪನ ಇರಾಕ್ ಅಲ್ಲಿಗೇ ಮುಗಿಯಿತು.

ಅರಬಿ ನಿಘಂಟುಗಳಲ್ಲಿ ಸಾಮಾನ್ಯವಾಗಿ ಪದಗಳನ್ನು ಮೂಲದ ಮೂರು ಅಕ್ಷರ ಹಿಡಿದು ಹುಡುಕಬೇಕು. ನಮ್ಮದು ನ-ದ-ಫ. ‘ನದಫ’ ಅಂದರೆ ಹತ್ತಿ ಹಿಂಜಿದ, ‘ಮಿಂದಫ್’ ಅಂದರೆ ಹಿಂಜುವ ಬಿಲ್ಲು, ‘ನದ್ದಾಫ್’ ಅಂದರೆ ಹಿಂಜುವವನು. ಪಿಂಜಾರ ಅಂದರೂ ಅದೇ ಅಲ್ವಾ! ನಡುವಿನ ಅಕ್ಷರ ಒತ್ತಿ, ಅದಕ್ಕೆ ದೀರ್ಘ ಕೊಟ್ಟರೆ ಅರಬಿಯಲ್ಲಿ ಕಸುಬುದಾರನ ಹೆಸರಾಗುತ್ತದೆ. ಅತ್ತಾರ್ ಸುಗಂಧದವನು, ಕಸ್ಸಾಬ್ ಮಾಂಸದವನು, ಸರ್ರಾಫ್ ನಾಣ್ಯ ಬದಲಿಸಿ ಕೊಡುವವನು; ನಮ್ಮ ಸರಾಫ ಬಜಾರ್ ಅವನದೇ. ಬಾಗ್ದಾದಿನಲ್ಲಿ 922ರಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜ್ ಹೆಸರೂ ಇದೇ ಅಚ್ಚಿನದು. ಹಲ್ಲಾಜ್ ಅಂದರೂ ಹತ್ತಿ ಕೆಲಸದವನೇ. ಇದು ತಿಳಿದ ಮೇಲೆ ನಜಫ್ ಕೈತಪ್ಪಿದ್ದಕ್ಕೆ ನನಗಂತೂ ಬೇಜಾರಾಗಲಿಲ್ಲ.

ಹೆಸರು ಅರಬಿ ಅಂದ ಮಾತ್ರಕ್ಕೆ ಹಿರಿಯರೂ ಅರಬರು ಅನ್ನೋದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮನೆಮಾತು ಕನ್ನಡ. ಆದಿಲ್‌ಶಾಹಿಗಳ ಬಿಜಾಪುರದಲ್ಲಿ ಆಸ್ಥಾನದ ಭಾಷೆ ಫಾರಸಿ, ಅದರೊಳಗೆ ಅರಬಿ ಪದಗಳು ಜಾಸ್ತಿ. ಊರಿನವರು ಪಿಂಜಾರ ಅಂದರು, ಬರೆಯುವವರು ನದಾಫ್ ಅಂದರು, ಹಾಗೇ ಎರಡೂ ಉಳಿದಿರಬೇಕು ಅಂತ ನನ್ನ ಅಂದಾಜು. ಆಂಧ್ರದಲ್ಲೂ ಹೀಗೇ. ಇದೇ ಕಸುಬಿನವರು ಅಲ್ಲಿ ದೂದೇಕುಲದವರು, ‘ದೂದಿ’ ಅಂದರೆ ಹತ್ತಿ.

ನೀವೂ ಹುಡುಕೋದಾದರೆ ಮನೆಯ ಹಳೇ ಕಾಗದಪತ್ರ ಮೊದಲು ತೆಗೆಯಿರಿ. ಅಜ್ಜನ ಕಾಲದ ಪಹಣಿಯಲ್ಲಿ, ಶಾಲೆಯ ದಾಖಲೆಯಲ್ಲಿ ಹೆಸರಿನ ಬೇರೆ ರೂಪ ಸಿಕ್ಕರೂ ಸಿಗಬಹುದು. ಉರ್ದು ಅಕ್ಷರ ನೋಡುವ ತನಕ ಯಾರ ಕಥೆಯನ್ನೂ ನಂಬಬೇಡಿ. ಎಲ್ಲಾ ಹೆಸರೂ ಅರಬಿಯಲ್ಲ, ಅದೂ ನೆನಪಿರಲಿ. ಮುಜಾವರ ಅರಬಿ, ಸರಿ. ಬಾಗವಾನರು ಫಾರಸಿ ನಿಘಂಟು ತೆಗೆಯಬೇಕು, ‘ಬಾಗ್’ ಅಂದರೆ ತೋಟ. ತಾಂಬೋಳಿ ಮನೆತನದವರಿಗೆ ಎರಡೂ ಬೇಡ, ತಾಂಬೂಲ ಯಾರಿಗೆ ಗೊತ್ತಿಲ್ಲ?